ಮಡಚುವ ಕಯಾಕ್ ಮಾರೋ ಮುಂಚೆ ಕೀಲ್ ನೋಡಿ

ಮಡಚುವ ಕಯಾಕ್ (ಫ್ರೇಮ್‌ಗೆ ಹೊದಿಕೆ ಹಾಕಿ ಕಟ್ಟೋ ದೋಣಿ) ಒಂದೇ ಕಡೆ ಎಳೆಯುತ್ತೆ, ಹಾರ್ಡ್‌ಶೆಲ್, ಅಂದ್ರೆ ಗಟ್ಟಿ ಮೈಯ ಕಯಾಕ್, ಹಾಗೆ ಓಡಲ್ಲ, ಮಾರಿಬಿಡ್ತೀನಿ ಅಂತ ಬರೆದಿದ್ದೀರಿ. ಸ್ವಲ್ಪ ತಡೀರಿ. ನಿಮ್ಮ ಫೋಟೋದಲ್ಲೇ ಕಾರಣ ಇದೆ: ಬಲಗಡೆ ಸ್ಪಾನ್ಸನ್ (ದೋಣಿಯ ಪಕ್ಕದ ಉದ್ದಕ್ಕೂ ಇರೋ ಗಾಳಿ ಟ್ಯೂಬ್) ಬಿಗಿಯಾಗಿದೆ, ಎಡಗಡೆ ಸ್ಕಿನ್, ಅಂದ್ರೆ ಹೊರ ಹೊದಿಕೆ, ಸುಕ್ಕು. ಎರಡು ವರ್ಷ ನಾನೂ ಹೀಗೇ ಒಂದು ಕಡೆ ಪೂರ್ತಿ ಊದಿ, ಆಮೇಲೆ ಇನ್ನೊಂದು ಕಡೆ ಊದ್ತಿದ್ದೆ. ಆಗ ಕೀಲ್, ಅಂದ್ರೆ ದೋಣಿ ತಳದ ನಡುಗೆರೆ, ಬಿಲ್ಲಿನ ಹಾಗೆ ಬಾಗಿರುತ್ತೆ, ನಾವು ರಡ್ಡರ್‌ನ (ಚುಕ್ಕಾಣಿನ) ಬೈತಿರ್ತೀವಿ!

ಫ್ರೇಮ್ ಪೂರ್ತಿ ಲಾಕ್ ಆದ ಮೇಲೇ ಗಾಳಿ. ಈ ಕಡೆ ನಾಲ್ಕು ಉಸಿರು, ಆ ಕಡೆ ನಾಲ್ಕು ಉಸಿರು, ಹೀಗೇ ಬಿಗಿಯಾಗೋ ತನಕ. ನಂತರ ದೋಣಿ ಮಗುಚಿ ಹಾಕಿ, ಮೂತಿಯಿಂದ ಬಾಲಕ್ಕೆ ದಾರ ಎಳೆದು ಕೀಲ್ ಜೊತೆ ಹೋಲಿಸಿ. ಓರೆ ಇದ್ದರೆ ಎರಡೂ ಕಡೆ ಗಾಳಿ ಬಿಟ್ಟು ಮೊದಲಿಂದ ಶುರು ಮಾಡಿ, ಸೋಮಾರಿತನ ಬೇಡ. ಕಂಪ್ರೆಸರ್ ಹತ್ತಿರಕ್ಕೂ ತರಬೇಡಿ. ಬಿಸಿಲಲ್ಲಿ ದಡಕ್ಕೆ ಎಳೆದಿಟ್ಟರೆ ಸ್ವಲ್ಪ ಗಾಳಿ ಹೊರಗೆ ಬಿಡಿ, ಇಲ್ಲದಿದ್ದರೆ ಟ್ಯೂಬ್ ಒಡೆಯಬಹುದು.

ಸಾಮಾನೆಲ್ಲ ಹಿಂದೆ ತುಂಬಿದ್ದೀರಿ, ಅದೂ ತಪ್ಪು. ಮೂತಿ ಮೇಲೆದ್ದರೆ ಗಾಳಿ ಅದನ್ನೇ ತಳ್ಳುತ್ತೆ. ಇದು ಹಾರ್ಡ್‌ಶೆಲ್‌ಗೂ ಅಷ್ಟೇ.

ವೇಗದ ಮಾತು: ಎರಡೂ ಬಗೆಯ ದೋಣಿಗಳ ಉದ್ದ, ಅಗಲ ಒಂದೇ ಇದ್ದರೆ ನಿಧಾನವಾಗಿ ಹುಟ್ಟು ಹಾಕುವಾಗ ವ್ಯತ್ಯಾಸ ಗೊತ್ತೇ ಆಗಲ್ಲ. ಜೋರಾಗಿ ಹಾಕಿದಾಗ, ಫ್ರೇಮ್‌ನ ಪಟ್ಟಿಗಳ ನಡುವೆ ಸ್ಕಿನ್ ಒಳಗೆ ಕುಗ್ಗಿದ್ದರೆ, ಹಾರ್ಡ್‌ಶೆಲ್ ಮುಂದೆ ಹೋಗುತ್ತೆ. ‘ಕ್ಲೆಪ್ಪರ್ ಏರಿಯಸ್ II’ ಅನ್ನೋ ಮಡಚುವ ಕಯಾಕ್‌ನ ಅಗಲ ಸುಮಾರು 87 ಸೆಂ.ಮೀ., ಅದರಿಂದ ರೇಸ್ ನಿರೀಕ್ಷಿಸಬೇಡಿ. ಆದರೆ 1956ರಲ್ಲಿ ಜರ್ಮನಿಯ ವೈದ್ಯ ಹಾನೆಸ್ ಲಿಂಡೆಮನ್ ಅಟ್ಲಾಂಟಿಕ್ ದಾಟಿದ್ದು ಅದೇ ಮಾದರಿಯಲ್ಲಿ, 72 ದಿನದಲ್ಲಿ, ಹಾಯಿ ಕಟ್ಟಿಕೊಂಡು. ಚಿಕ್ಕ ಅಡ್ಡ ಅಲೆಗಳಲ್ಲಿ ಫ್ರೇಮ್ ಬಳುಕಿ ಪೆಟ್ಟು ತಾಳಿಕೊಳ್ಳುತ್ತಲ್ಲ, ಆ ಸುಖ ನನಗೆ ಯಾವ ಫೈಬರ್ ದೋಣಿಯಲ್ಲೂ ಸಿಕ್ಕಿಲ್ಲ. ಕಲ್ಲಿನ ದಡದಲ್ಲಿ ಎಳೆದಾಡೋ ಅಭ್ಯಾಸ ಇದ್ದರೆ ಮಾತ್ರ ಪ್ಲಾಸ್ಟಿಕ್ ಹಾರ್ಡ್‌ಶೆಲ್ ತಗೊಳ್ಳಿ. ಫೆದರ್‌ಕ್ರಾಫ್ಟ್ ಕಂಪನಿಯ ಹಳೆ ಮಡಚುವ ಕಯಾಕ್ ಸಿಕ್ಕರೆ ಚೆನ್ನಾಗಿರುತ್ತೆ, ಆದರೆ ಕಂಪನಿ ಮುಚ್ಚಿದೆ, ಬಿಡಿಭಾಗ ಎಲ್ಲ ಇವೆಯಾ ಎಣಿಸಿ ನೋಡಿ.

ಫ್ಲೋಟ್ ಬ್ಯಾಗ್ (ದೋಣಿಯ ಮೂತಿ, ಬಾಲದೊಳಗೆ ಇಡೋ ಗಾಳಿ ಚೀಲ) ಇಲ್ಲದೆ ನೀರಿಗೆ ಇಳಿಯಲೇಬೇಡಿ. ಬಹಳಷ್ಟು ಮಡಚುವ ದೋಣಿಗಳಲ್ಲಿ ಬಲ್ಕ್‌ಹೆಡ್, ಅಂದ್ರೆ ಒಳಗೆ ನೀರು ಹರಡದಂತೆ ತಡೆಯೋ ಅಡ್ಡಗೋಡೆ, ಇರಲ್ಲ. ನಾನು ಮಗುಚಿದ ದಿನ ನೀರು ಮೂತಿಯಿಂದ ಬಾಲದವರೆಗೂ ತುಂಬಿತ್ತು. ಸ್ಪಾನ್ಸನ್‌ನಿಂದ ಮುಳುಗಲಿಲ್ಲ ನಿಜ, ಆದರೆ ಅಂಚು ನೀರಿನ ಮಟ್ಟದಲ್ಲೇ ಇತ್ತು. ಒಂದು ಚೊಂಬು ಹೊರಗೆ ಚೆಲ್ಲಿದರೆ ಅಲೆ ಎರಡು ಚೊಂಬು ಒಳಗೆ ಸುರೀತಿತ್ತು.

ಅಲ್ಯೂಮಿನಿಯಂ ಫ್ರೇಮ್ ಆಗಿದ್ದು ಉಪ್ಪುನೀರಲ್ಲಿ ಓಡಿಸಿದ್ದರೆ, ಪ್ರತಿ ಜೋಡಣೆಯನ್ನೂ ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗಿಸಿ. ಜೋಡಿಸಿಟ್ಟ ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಕೊಳವೆ ಕಚ್ಚಿಕೊಂಡುಬಿಡುತ್ತೆ, ಬಿಚ್ಚೋಕೇ ಬರಲ್ಲ.