ಸೆಕ್ಯುರಿಟಿ ಡಿಪಾಸಿಟ್ ವಾಪಸ್ ಕೇಳಿದ್ರ ‘ಗ್ರ್ಯಾಂಟ್ ಬಂದಿಲ್ಲ’ ಅಂತಾರ?

ನೀವು ಗುತ್ತಿಗೆದಾರರು, ಬಿಲ್ಲಿನಾಗ ಹಿಡಕೊಂಡ ಸೆಕ್ಯುರಿಟಿ ಡಿಪಾಸಿಟ್ ಕೇಳಿದ್ರ ಕಚೇರಿಯವ್ರು ‘ಗ್ರ್ಯಾಂಟ್ (ಬಜೆಟ್ ಅನುದಾನ) ಬಂದಿಲ್ಲ’ ಅಂತಾರ ಅಂದೀರಿ. ಇದು ಗ್ರ್ಯಾಂಟಿನ ಸಮಸ್ಯೆ ಅಲ್ರಿ, ನಿಮ್ಮ ಡಿಪಾಸಿಟ್ ಲ್ಯಾಪ್ಸ್ ಆಗಿರಬೇಕು, ಅಂದ್ರ ಬಾಳ ದಿನ ಯಾರೂ ಕೇಳಿಲ್ಲಂತ ಸರ್ಕಾರದ ಆದಾಯಕ್ಕ ಜಮಾ ಆಗಿರಬೇಕು. ಹಾವೇರಿ ಕಡೆ ಪಿಡಬ್ಲ್ಯೂಡಿ ರಸ್ತೆ ಕೆಲಸ 2019ರಾಗ ಮುಗಿಸೇನಿ ಅಂದೀರಿ, ಬಿಲ್ಲಿನಾಗ ಹಿಡಕೊಂಡ ಆ ರೊಕ್ಕ ಸರ್ಕಾರದ್ದಲ್ಲ. ಟ್ಯಾಕ್ಸು, ಸಾಲ ಹೋಗೂದು ಸಂಚಿತ ನಿಧಿಗೆ, ಅಲ್ಲಿಂದ ತಗಿಬೇಕಂದ್ರ ವಿಧಾನಮಂಡಲದ ಒಪ್ಪಿಗೆ ಬೇಕು, ಗ್ರ್ಯಾಂಟ್ ಅನ್ನೂ ಮಾತು ಅಲ್ಲಿಗೆ ಸರಿ. ಗುತ್ತಿಗೆದಾರರ ಡಿಪಾಸಿಟ್, ನೌಕರರ ಪಿಎಫ್ ಇಂಥಾವೆಲ್ಲ ಇರೂದು ಸಾರ್ವಜನಿಕ ಲೆಕ್ಕದಾಗ (ಸಂವಿಧಾನದ 266(2)), ಸರ್ಕಾರ ಬರೇ ಕಾಯ್ಕೊಂಡು ಕುಂತಿರತೈತಿ, ವಾಪಸ್ ಕೊಡಾಕ ಬಜೆಟ್ ಬೇಕಿಲ್ಲ.

ಮೊದಲು ಹಳೆ ಬಿಲ್ ಕಾಪಿ ತಗದು ಕಡಿತದ ಮೊತ್ತ, ವೋಚರ್ ನಂಬರ್, ತಾರೀಖು ಬರಕೊಳ್ರಿ. ಆಮ್ಯಾಲೆ ಡಿವಿಜನ್ ಅಕೌಂಟ್ಸ್ ಸೆಕ್ಷನ್‌ನಾಗ ಡಿಪಾಸಿಟ್ ರಿಜಿಸ್ಟರ್ ತೋರಸ್ರಿ ಅನ್ರಿ, 8443 ಸಿವಿಲ್ ಡಿಪಾಸಿಟ್ಸ್ ಅನ್ನೂ ಲೆಕ್ಕ ಶೀರ್ಷಿಕೆ ಕೆಳಗ 108ರಾಗ (ಪಬ್ಲಿಕ್ ವರ್ಕ್ಸ್ ಡಿಪಾಸಿಟ್ಸ್) ನಿಮ್ಮ ಹೆಸರು ಇನ್ನೂ ಇದ್ರ ಕೆಲಸ ಮುಗಿದ ಸರ್ಟಿಫಿಕೇಟ್, ನಿರ್ವಹಣಾ ಅವಧಿ ಮುಗಿದ ಪತ್ರ ಹಚ್ಚಿ ಕಾರ್ಯಪಾಲಕ ಎಂಜಿನಿಯರ್‌ಗೆ ಅರ್ಜಿ ಕೊಟ್ರ ಸಾಕು, ಸ್ವೀಕೃತಿ ಮಾತ್ರ ಬಿಡಬ್ಯಾಡ್ರಿ. ಹೆಸರು ಅಲ್ಲಿ ಇಲ್ಲಂದ್ರ ಮೂರು ಪೂರ್ತಿ ಹಣಕಾಸು ವರ್ಷ ಯಾರೂ ಕೇಳಿಲ್ಲಂತ ಮಾರ್ಚ್ ಕೊನಿಗೆ ಸರ್ಕಾರದ ಆದಾಯಕ್ಕ ಜಮಾ ಮಾಡಿರತಾರ. ಹಕ್ಕೇನ್ ಹೋಗಿಲ್ಲ, ಖರೆ ಮಹಾಲೇಖಪಾಲರ (ಅಕೌಂಟಂಟ್ ಜನರಲ್) ಮಂಜೂರಾತಿ ಬೇಕು, ಪ್ರಸ್ತಾವ ಕಚೇರಿಯವ್ರೇ ಕಳಸಬೇಕು.

ಲ್ಯಾಪ್ಸ್ ಅನ್ನೂದು ನನ್ನ ಅಂದಾಜು, ರಿಜಿಸ್ಟರ್ ನೋಡಿದ್ರ ಪಕ್ಕಾ ಆಗತೈತಿ. ತೋರಸಲಿಲ್ಲಂದ್ರ 10 ರೂಪಾಯಿ ಆರ್‌ಟಿಐ ಹಾಕ್ರಿ, 30 ದಿನದಾಗ ಉತ್ತರ ಕೊಡಬೇಕು.