‘ಎ’ ಹಾಕಿದರೆ ಅಪ್ಪ ಬರುವುದಿಲ್ಲವೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಗಂಗಾವತಿ ಕಡೆಯ ಪದವಿ ವಿದ್ಯಾರ್ಥಿ, ವಯಸ್ಸು 21. ಗೆಳೆಯರ ಜೊತೆ ಸೇರಿ ಮೊಬೈಲಿನಲ್ಲೇ ಕಿರುಚಿತ್ರ ತೆಗೆದಿದ್ದಾನೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪೋಷಕರೆದುರು ಪ್ರದರ್ಶನ. ಪೋಸ್ಟರ್ ಮೇಲೆ ಯಾವ ವಯಸ್ಸು ಹಾಕುವುದೆಂಬ ಜಗಳದಲ್ಲಿ ನಿದ್ದೆಗೆಟ್ಟು, ಸಲಹೆ ಕೇಳಲು ನನ್ನ ಬಳಿ ಬಂದಿದ್ದ. ತಂಡದವರಿಗೆ ಎಲ್ಲರೂ ನೋಡಬಹುದಾದ ‘ಯು’ ಸಾಕು, ಇವನಿಗೆ ವಯಸ್ಕರಿಗೆ ಮಾತ್ರ ಎನ್ನುವ ‘ಎ’ಯೇ ಬೇಕು.

ಚಿತ್ರದಲ್ಲಿ ರಕ್ತವಿಲ್ಲ. ಅಕ್ಕಿ ಗಿರಣಿಯ ಹಮಾಲಿಯೊಬ್ಬ ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಾನೆ; ಬಾಗಿಲಾಚೆ ಮಗ ಕೇಳಿಸಿಕೊಳ್ಳುತ್ತಾನೆ. ಇದಕ್ಕೆ ‘ಎ’ ಏಕೆಂದು ಕೇಳಿದೆ. “ಹಾಗಾದರೆ ಅಪ್ಪ, ಅವ್ವ, ತಂಗಿ ನೋಡಲು ಬರುವುದಿಲ್ಲ, ಮೇಡಂ” ಎಂದ. ಏಳನೇ ತರಗತಿಯ ತಂಗಿಯ ಮಟ್ಟಿಗೆ ಲೆಕ್ಕ ಸರಿ. ಅಪ್ಪನಿಗೋ ಐವತ್ತು ದಾಟಿದೆ! ವಯಸ್ಸು ನೋಡುವ ಅಕ್ಷರ ಸಂಬಂಧ ನೋಡುವುದಿಲ್ಲ.

ಕಥೆ ಅವನ ಮನೆಯದೇ. ಹೊಡೆತ ಈಗಲೂ ಇದೆಯೇ ಎಂಬುದನ್ನು ಮೊದಲು ತಿಳಿಯಬೇಕಿತ್ತು. ಅಪ್ಪ ಕುಡಿತ ಬಿಟ್ಟಿದ್ದಾರೆ, ಈಗ ಕೈ ಎತ್ತುವುದಿಲ್ಲ ಎಂದ. ಆದರೂ ಮಹಿಳಾ ಸಹಾಯವಾಣಿ 181 ಅವ್ವನ ಮೊಬೈಲಿನಲ್ಲಿ ಇರಲಿ ಎಂದೆ. ಅಪ್ಪ ಬದಲಾಗಿದ್ದೇ ಅವನ ಸಂಕಟವನ್ನು ಹೆಚ್ಚಿಸಿತ್ತು: ಹಳೆಯ ಸಿಟ್ಟು ಆರಿಲ್ಲ, ಬದಲಾದವರನ್ನು ಊರ ಮುಂದೆ ನಿಲ್ಲಿಸಲು ಮನಸ್ಸೂ ಇಲ್ಲ.

ನಾನು ಹೇಳಿದ್ದು ಹೀಗೆ. ವಯಸ್ಸಿನ ಪ್ರಶ್ನೆಯನ್ನು ಪರದೆಯ ಮೇಲಿರುವುದಕ್ಕೆ ಮಾತ್ರ ಕೇಳು. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ‘ಯುಎ’ ವರ್ಗ 7+, 13+, 16+ ಎಂದು ಮೂರಾಗಿದೆ. ಅದು ಹೆತ್ತವರಿಗೆ ಕೊಡುವ ಸೂಚನೆ. 18 ತುಂಬದವರನ್ನು ಹೊರಗಿಡುವುದು ‘ಎ’. ಆ ಪ್ರಮಾಣಪತ್ರ ಕೊಡುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ (ಸೆನ್ಸಾರ್ ಮಂಡಳಿ), ನೀನಲ್ಲ. ಅದಿಲ್ಲದೆ ಅಕ್ಷರ ಅಂಟಿಸಬೇಡ; “ಹದಿಮೂರು ದಾಟಿದವರಿಗೆ, ಮನೆಯೊಳಗಿನ ಹಿಂಸೆಯ ದೃಶ್ಯವಿದೆ” ಎಂದು ನೇರವಾಗಿ ಬರೆ. ಹೊಡೆತದ ಸದ್ದು ಅಷ್ಟು ಹೊತ್ತು ಬೇಡ. ಅಂಥ ಮನೆಯಲ್ಲಿ ಬೆಳೆದ ಮಗುವಿಗೆ ರಕ್ತಕ್ಕಿಂತ ಆ ಸದ್ದೇ ಹೆಚ್ಚು ಕಾಡೀತು. ಸಂಕಲನದಲ್ಲಿ ಕತ್ತರಿಸಿದರೆ ಕಥೆಗೇನೂ ನಷ್ಟವಿಲ್ಲ.

ಪೆಟ್ಟು ತಿಂದವಳು ಅವ್ವ. ಆದ್ದರಿಂದ ಮೊದಲು ಆಕೆ ಒಬ್ಬಳೇ ನೋಡಲಿ, ಬೇಡವೆಂದರೆ ಪ್ರದರ್ಶನ ನಿಲ್ಲಿಸು ಎಂದೆ. ಈ ಮಾತಿಗೆ ಅವನು ಸಿಡುಕಿದ: “ಅದು ನನ್ನ ಚಿತ್ರ.” ನಾನು ಸಡಿಲಿಸಲಿಲ್ಲ. ಅಪ್ಪನಿಗೆ ಸಭಾಂಗಣದಲ್ಲಿ ಆಶ್ಚರ್ಯ ಕಾದಿರಬಾರದು, ಮನೆಯಲ್ಲೇ ಮುಂಚಿತವಾಗಿ ತಿಳಿಯಬೇಕು. ಹೇಳುವಾಗ ಸೋದರಮಾವ ಜೊತೆಗಿರಲಿ. ತಂಗಿ ನೋಡುವುದಾದರೆ ಪಕ್ಕದಲ್ಲಿ ಇವನೇ ಕೂರಬೇಕು.

ಮುಂದಿನ ಭೇಟಿಯ ಹೊತ್ತಿಗೆ ಅವ್ವ ನೋಡಿಯಾಗಿತ್ತು. ತೋರಿಸು ಎಂದರಂತೆ, ಆದರೆ ಗಿರಣಿಯ ಹೆಸರು ಕಾಣುವ ದೃಶ್ಯ ಬೇಡವೆಂದರಂತೆ. ಅಪ್ಪ ಇನ್ನೂ ಅಲ್ಲೇ ಕೆಲಸಕ್ಕೆ ಹೋಗುತ್ತಾರೆ. ಅದನ್ನು ತೆಗೆದಿದ್ದಾನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳುವವರೆಗೆ ಪೋಸ್ಟರ್ ಅಚ್ಚಿಗೆ ಕೊಡಬಾರದೆಂದು ಒಪ್ಪಿಸಿ ಕಳಿಸಿದ್ದೇನೆ.