ಪ್ರತಿಕ್ರಿಯೆ: ತೋಟದ ಮೋಟಾರ್ ಬೋರ್ಡುಗಳಿಗೆ ದೂರದಿಂದಲೇ ಅಪ್‌ಡೇಟ್

ಚಿಂತಾಮಣಿ ಸುತ್ತಮುತ್ತಲ ತೋಟಗಳಲ್ಲಿ ಕೂರಿಸಿರೋ ಇಎಸ್‌ಪಿ32 (ವೈಫೈ ಇರೋ ಪುಟ್ಟ ಚಿಪ್) ಮೋಟಾರ್ ಕಂಟ್ರೋಲರ್‌ಗಳ ಫರ್ಮ್‌ವೇರ್ (ಒಳಗೆ ಓಡೋ ಕೋಡ್) ಬದಲಿಸೋಕೆ ಪ್ರತಿಸಲ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಬೇಕಾ, ಆ ಕೋಡಿನಿಂದ ತಯಾರಾಗೋ ಬಿನ್ ಫೈಲನ್ನ ಎಲ್ಲಿಡೋದು ಅಂತ ಕೇಳಿದ್ದೀರಿ. ಇನ್ನೊಂದು ಸಲ ಹೋಗಲೇಬೇಕು ಸಾರ್. ಒಟಿಎ, ಅಂದ್ರೆ ನೆಟ್ ಮೂಲಕವೇ ಅಪ್‌ಡೇಟ್ ಮಾಡ್ಕೊಳ್ಳೋ ಕೋಡನ್ನ ಮೊದಲು ಯುಎಸ್‌ಬಿ ಕೇಬಲ್‌ನಲ್ಲೇ ಒಳಗೆ ಹಾಕಬೇಕು. ಆಮೇಲೆ ಮನೇಲಿ ಕೂತೇ ಆಗುತ್ತೆ.

ಫೈಲ್ ಇಡೋಕೆ ಗಿಟ್‌ಹಬ್ (ಕೋಡ್ ಇಡೋ ವೆಬ್‌ಸೈಟ್) ರಿಲೀಸಸ್ ಸಾಕು, ದುಡ್ಡು ಕೊಡಬೇಕಿಲ್ಲ. ಆದರೆ ಅದರ ಡೌನ್‌ಲೋಡ್ ಲಿಂಕ್ ಬೇರೆ ವಿಳಾಸಕ್ಕೆ ಕಳಿಸುತ್ತೆ. ನಿಮ್ಮ ಕೋಡ್‌ನಲ್ಲಿ ರಿಡೈರೆಕ್ಟ್ ಸೆಟ್ಟಿಂಗ್ ಆನ್ ಮಾಡದಿದ್ದರೆ 302 (ಬೇರೆ ವಿಳಾಸಕ್ಕೆ ಹೋಗು ಅನ್ನೋ ಉತ್ತರ) ಅಂತ ಬಂದು ಅಲ್ಲೇ ನಿಂತುಬಿಡುತ್ತೆ. ಕೋಡ್‌ನಲ್ಲಿ ವೈಫೈ ಪಾಸ್‌ವರ್ಡ್ ಬರೆದಿದ್ದರೆ ತೆಗೆದುಬಿಡಿ, ಬಿನ್ ಫೈಲ್ ಬಿಚ್ಚಿ ಯಾರು ಬೇಕಾದರೂ ಓದಬಹುದು.

ನಡುವೆ ಕರೆಂಟ್ ಹೋದರೆ ಅನ್ನೋ ಭಯ ಬೇಡ. ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಕೋಡಿಗೆ ಎರಡು ಜಾಗ ಇರುತ್ತೆ, ಹೊಸ ಕೋಡ್ ಬಳಕೆಯಲ್ಲಿ ಇಲ್ಲದ ಕಡೆ ಇಳಿಯುತ್ತೆ, ಪೂರ್ತಿ ಇಳಿದು ಸರಿಯಿದ್ದರೆ ಮಾತ್ರ ಬೂಟ್ ಆ ಕಡೆ ತಿರುಗುತ್ತೆ. 4 ಎಂಬಿ ಬೋರ್ಡಿಗೆ ಆರ್ಡುಯಿನೋದ (ಕೋಡ್ ಬರೆದು ಹಾಕೋ ಸಾಫ್ಟ್‌ವೇರ್) ಡೀಫಾಲ್ಟ್ ಪಾರ್ಟಿಷನ್‌ನಲ್ಲಿ, ಅಂದ್ರೆ ಮೆಮೊರಿ ಹಂಚಿಕೆಯಲ್ಲಿ, ಒಂದೊಂದು ಜಾಗಕ್ಕೆ 1.25 ಎಂಬಿ. ಸಾಲದಿದ್ದರೆ ‘ಮಿನಿಮಲ್ ಸ್ಪಿಫ್ಸ್’ ಅನ್ನೋ ಹಂಚಿಕೆ ಆರಿಸಿ, 1.9 ಎಂಬಿ ಸಿಗುತ್ತೆ. ‘ಹ್ಯೂಜ್ ಆ್ಯಪ್’ ಮಾತ್ರ ಮುಟ್ಟಬೇಡಿ, ಅದರಲ್ಲಿ ಒಟಿಎಗೆ ಎರಡನೇ ಜಾಗವೇ ಇಲ್ಲ.

ಇದಕ್ಕಿಂತ ನನಗೆ ದೊಡ್ಡದು ಅನ್ನಿಸೋದು ಮೋಟಾರ್. ಅಪ್‌ಡೇಟ್ ಮುಗಿದ ಕೂಡಲೇ ಬೋರ್ಡು ರೀಸ್ಟಾರ್ಟ್ ಆಗುತ್ತೆ, ರಿಲೇ (ಮೋಟಾರ್ ಆನ್-ಆಫ್ ಮಾಡೋ ಸ್ವಿಚ್) ಬಿಡುತ್ತೆ, ಮೋಟಾರ್ ನಿಲ್ಲುತ್ತೆ. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ಗಳು. ಪೈಪಿನ ನೀರು ಕೆಳಗಿಳಿಯೋ ಮೊದಲೇ ಮೋಟಾರ್ ಮತ್ತೆ ಹತ್ತಿದರೆ ಶಾಫ್ಟಿಗೆ ಏಟು. ಮೋಟಾರ್ ಆಫ್ ಇದ್ದಾಗ ಮಾತ್ರ ಅಪ್‌ಡೇಟ್ ಹುಡುಕೋ ಹಾಗೆ ಬರೀರಿ.

ನೆಟ್‌ವರ್ಕೇ ಸಿಗದ ತೋಟ ಇದ್ದರೆ ಇಎಸ್‌ಪಿ ವೆಬ್ ಟೂಲ್ಸ್ (ಬ್ರೌಸರ್‌ನಿಂದಲೇ ಬೋರ್ಡಿಗೆ ಕೋಡ್ ಹಾಕೋ ಸಾಧನ) ಪುಟ ಮಾಡಿಡಿ. ತೋಟದವರು ಬೋರ್ಡು ಬಿಚ್ಚಿ ಮನೆಗೆ ತಂದರೆ, ಕ್ರೋಮ್ ಇರೋ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಬಟನ್ ಒತ್ತಿ ಹಾಕ್ಕೋತಾರೆ.